ವೇಗವನ್ನು ತಡೆಯುವ ವಿದ್ಯೆ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಹೆದ್ದಾರಿಯು ಚಿಕ್ಕಬಳ್ಳಾಪುರವನ್ನು ಸಮೀಪಿಸುತ್ತಿರುವಾಗ ಎಡಗಡೆಯ ಬಾನಂಚಿನಲ್ಲಿ ನಂದಿಬೆಟ್ಟವು ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಸಮುದ್ರಮಟ್ಟದಿಂದ ಅದರ ಎತ್ತರ 1478 ಮೀಟರು. ರಜೆಯ ದಿನಗಳಲ್ಲಿ ಸೂರ್ಯೋದಯವನ್ನು ನೋಡಲೆಂದು ನಸುಕಿನಲ್ಲಿಯೇ ವಾಹನಗಳು ಸಾಲುಗಟ್ಟಿ ಅಲ್ಲಿಗೆ ಏರುತ್ತವೆ. ಏರುವಾಗ ಎಂಜಿನ್ನಿನ ಏದುಸಿರು ಎಲ್ಲರಿಗೂ ಕೇಳಿಸುವುದರಿಂದ ವಾಹನದ ಪರೀಕ್ಷೆ ಅಲ್ಲಿಗೇ ಮುಗಿಯಿತೆಂದು ಪ್ರಯಾಣಿಕರು ಭಾವಿಸುವುದುಂಟು. ಆದರೆ ಹೆಚ್ಚು ಕಠಿಣವಾದ ಪರೀಕ್ಷೆ ಇಳಿಯುವಾಗ ನಡೆಯುತ್ತದೆ. ಆಗ ಎಂಜಿನ್ನಿನ ಸದ್ದು ಅಡಗಿರುತ್ತದೆ. ತಿರುವಿನಿಂದ ತಿರುವಿಗೆ ವಾಹನವನ್ನು ಕಾಪಾಡಬೇಕಾದುದು ಚಾಲಕನ ಬಲಗಾಲಿನ ಕೆಳಗಿರುವ ಒಂದು ಚಿಕ್ಕ ಪೆಡಲು.

ಬ್ರೇಕು ವೇಗವನ್ನು ನುಂಗಿಬಿಡುತ್ತದೆ ಎಂದು ಹೇಳುವುದು ವಾಡಿಕೆ. ಶಕ್ತಿಯನ್ನು ನುಂಗಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಬ್ರೇಕು ಚಲನೆಯ ಶಕ್ತಿಯನ್ನು ಘರ್ಷಣೆಯ ಮೂಲಕ ಉಷ್ಣವಾಗಿ ಮಾರ್ಪಡಿಸುತ್ತದೆ, ಅಷ್ಟೆ. 1000 ಕಿಲೋಗ್ರಾಂ ತೂಕದ ಒಂದು ಕಾರು 500 ಮೀಟರು ಎತ್ತರದಿಂದ ಕೆಳಗಿಳಿಯಿತೆನ್ನಿ. ಗಾಳಿಯ ತಡೆ ಮೊದಲಾದುವನ್ನು ಬಿಟ್ಟು ಲೆಕ್ಕ ಹಾಕಿದರೆ, ಆ ಇಳಿತದಲ್ಲಿ ಹೊರಬರುವ ಶಕ್ತಿಯಿಂದ ಸುಮಾರು 16 ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಚಾಲಕನು ಬ್ರೇಕನ್ನೇ ನಂಬಿ ಇಳಿದರೆ ಅಷ್ಟು ಉಷ್ಣವೂ ನಾಲ್ಕು ಚಕ್ರಗಳ ಬ್ರೇಕುಗಳಲ್ಲಿಯೇ ಹುಟ್ಟಬೇಕು. ಅದು ಗಾಳಿಯಲ್ಲಿ ಚದುರುವುದಕ್ಕಿಂತ ಬೇಗನೆ ಹುಟ್ಟಿದರೆ ಬ್ರೇಕಿನ ಹಿಡಿತ ಸಡಿಲುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವುದು ಇದಕ್ಕಾಗಿಯೇ. ತಗ್ಗಿನ ಗೇರಿನಲ್ಲಿ ಎಂಜಿನ್ನೂ ತಡೆಯ ಕೆಲಸವನ್ನು ಹಂಚಿಕೊಳ್ಳುತ್ತದೆ. ವೇಗ ಇಮ್ಮಡಿಯಾದರೆ ಚಲನೆಯ ಶಕ್ತಿ ನಾಲ್ಕು ಮಡಿಯಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಸಾಕಾಗುವ ಬ್ರೇಕು 60ರಲ್ಲಿ ನಾಲ್ಕರಷ್ಟು ದುಡಿಯಬೇಕು.

ಎತ್ತಿನ ಗಾಡಿಯ ಕಾಲದಲ್ಲಿ ಇಳಿಜಾರು ಬಂದಾಗ ಮರದ ತುಂಡೊಂದನ್ನು ಚಕ್ರದ ಪಟ್ಟಿಗೆ ಒತ್ತಿ ಹಿಡಿಯುತ್ತಿದ್ದರು. ಇಂದಿನ ಬ್ರೇಕಿನ ಮೂಲತತ್ತ್ವವೂ ಅದೇ. ಆದರೆ ಒಂದು ಕಾಲಿನ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಸಮನಾಗಿ ಮುಟ್ಟಿಸುವುದು ಹೇಗೆ? ಸರಳು, ತಂತಿಗಳಿಂದ ಇದು ಚೆನ್ನಾಗಿ ಸಾಧಿಸಲಿಲ್ಲ. ಒಂದು ತಂತಿ ತುಸು ಸಡಿಲವಾದರೂ ಗಾಡಿ ಅಡ್ಡ ಎಳೆಯುತ್ತಿತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ಕಡೆಗೂ ಕುಂದದೆ ಹರಡುತ್ತದೆ ಎಂಬುದನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟಿದ್ದನು. ಆ ನಿಯಮವನ್ನು ಮೋಟಾರಿನ ಬ್ರೇಕಿಗೆ ಅಳವಡಿಸಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಹಕ್ಕುಪತ್ರ ಪಡೆದನು. ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಕೊಂತವು ಬ್ರೇಕ್ ಆಯಿಲನ್ನು ನೂಕುತ್ತದೆ. ಆಯಿಲು ಕೊಳವೆಗಳಲ್ಲಿ ಒತ್ತಡವನ್ನು ಕೊಂಡೊಯ್ದು ಪ್ರತಿ ಚಕ್ರದಲ್ಲಿರುವ ಚಿಕ್ಕ ಸಿಲಿಂಡರಿನ ಕೊಂತವನ್ನು ಹೊರದೂಡುತ್ತದೆ. ಅದು ಬ್ರೇಕ್ ಶೂಗಳನ್ನು ಅಗಲಿಸಿ, ಅವಕ್ಕೆ ಹೊದಿಸಿರುವ ಲೈನಿಂಗು ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಒತ್ತುವಂತೆ ಮಾಡುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಡ್ರಮ್ಮಿನ ಬದಲು ಒಂದು ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡುಗಳು ಅಮುಕುತ್ತವೆ. ಇಷ್ಟನ್ನು ತಿಳಿಯಲು ಒಂದು ಮಧ್ಯಾಹ್ನ ಸಾಕು. ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿಯುವುದಕ್ಕೆ ವರ್ಷಗಳೇ ಬೇಕು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕವಾದ ಚಿಕ್ಕಬಳ್ಳಾಪುರ ಜಿಲ್ಲೆಯು ಸರಕು ಸಾಗಣೆಯನ್ನು ಬಹುವಾಗಿ ನಂಬಿದ ನಾಡು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಬರಬೇಕು. ಚಿಂತಾಮಣಿಯಿಂದ ಟೊಮೇಟೊ ದೂರದೂರಿಗೆ ಹೋಗಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿಯೂ ಹೂವೂ ಬಾಡುವುದರೊಳಗೆ ನಗರವನ್ನು ಮುಟ್ಟಬೇಕು. ಗೌರಿಬಿದನೂರಿನ ರಸ್ತೆಯಲ್ಲಿಯೂ ರಾತ್ರಿಯೆಲ್ಲ ಲಾರಿಗಳ ಓಡಾಟವುಂಟು. ಈ ಊರುಗಳ ಹೊರಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಗ್ರೀಸಿನಿಂದ ಕಪ್ಪಾದ ನೆಲದ ಮೇಲೆ ಬ್ರೇಕಿನ ವಿದ್ಯೆ ಕೈಯಿಂದ ಕೈಗೆ ಸಾಗುತ್ತ ಬಂದಿದೆ.

ಶಾಲೆಯಲ್ಲಿ ಇದನ್ನು ಕಲಿಯಬಯಸುವವರಿಗೂ ಮಾರ್ಗವಿದೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿಯನ್ನು ಎರಡು ವರ್ಷ ಅಭ್ಯಾಸ ಮಾಡಬಹುದು. ಆಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಯಾಗಾರಗಳಲ್ಲಿ ಕೆಲಸ ಕಲಿಯಬಹುದು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಪಾಶ್ಚಾತ್ಯ ದೇಶಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿಯೇ ಮೋಟಾರು ತಯಾರಿಸಬೇಕೆಂದು ಯೋಜನೆ ಹಾಕಿದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಹಿಂದೆಯೂ ಅವರ ಪ್ರೇರಣೆಯಿತ್ತು. ಯಂತ್ರವನ್ನು ಕೊಳ್ಳುವುದು ಸುಲಭ, ಅದನ್ನು ಬಲ್ಲ ಕೈಗಳನ್ನು ಬೆಳೆಸುವುದು ಕಷ್ಟ ಎಂಬುದನ್ನು ಅವರು ಅರಿತಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಹೊಸದಾಗಿ ಸೇರಿದ ಹುಡುಗನ ಕೈ ಮೊದಲು ಹೋಗುವುದು ಸ್ಪ್ಯಾನರಿನ ಕಡೆಗೆ. ನುರಿತ ಮೇಸ್ತ್ರಿ ಮೊದಲು ಮಾಡುವ ಕೆಲಸ ಪ್ರಶ್ನೆ ಕೇಳುವುದು. ‘ಬ್ರೇಕು ಹಿಡಿಯುತ್ತಿಲ್ಲ’ ಎಂದು ಚಾಲಕನು ಹೇಳಿದರೆ ಅದು ‘ಮೈ ಸರಿಯಿಲ್ಲ’ ಎಂದು ರೋಗಿಯು ವೈದ್ಯನಿಗೆ ಹೇಳಿದಷ್ಟೇ ಆಯಿತು. ಬೆಳಿಗ್ಗೆ ಹೊರಟಾಗಲೂ ಹೀಗೆಯೇ ಇತ್ತೆ, ಘಟ್ಟ ಇಳಿದ ಮೇಲೆ ಹೀಗಾಯಿತೆ? ಪೆಡಲು ಆಳಕ್ಕೆ ಹೋಗುತ್ತದೆಯೆ, ಕಲ್ಲಿನಂತೆ ಗಟ್ಟಿಯಾಗಿದೆಯೆ? ಸದ್ದು ಬರುತ್ತದೆಯೆ? ಗಾಡಿ ಪಕ್ಕಕ್ಕೆ ಎಳೆಯುತ್ತದೆಯೆ? ಆಯಿಲನ್ನು ಕೊನೆಯದಾಗಿ ಬದಲಿಸಿದ್ದು ಎಂದು? ಈ ಪ್ರಶ್ನೆಗಳಿಗೆ ಉತ್ತರ ಬರುವಷ್ಟರಲ್ಲಿ ಅರ್ಧ ದೋಷ ಹೊರಬಿದ್ದಿರುತ್ತದೆ.

ಆಮೇಲೆ ಪೆಡಲೇ ಮಾತನಾಡಬೇಕು. ಕಾಲಿಟ್ಟಾಗ ಅದು ಸ್ಪಂಜಿನಂತೆ ಮೆತ್ತಗೆ ತಗ್ಗಿ ಪುಟಿದರೆ ಕೊಳವೆಯೊಳಗೆ ಗಾಳಿ ಸೇರಿದೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಆದುದರಿಂದ ಚಾಲಕನ ಬಲವೆಲ್ಲ ಗಾಳಿಯ ಗುಳ್ಳೆಗಳನ್ನು ಹಿಂಡುವುದರಲ್ಲಿಯೇ ವ್ಯಯವಾಗುತ್ತದೆ. ಮೊದಲ ಸಲ ಆಳಕ್ಕೆ ಹೋಗುವ ಪೆಡಲು ಎರಡು ಮೂರು ಸಲ ತುಳಿದ ಮೇಲೆ ಮೇಲೆದ್ದು ಗಟ್ಟಿಯಾಗಿ ನಿಂತರೆ, ಲೈನಿಂಗು ಸವೆದು ಶೂಗೂ ಡ್ರಮ್ಮಿಗೂ ನಡುವಣ ಅಂತರ ಹೆಚ್ಚಿರುವ ಸಂಭವವುಂಟು. ಸಮನಾಗಿ ಒತ್ತಿ ಹಿಡಿದಿದ್ದರೂ ಪೆಡಲು ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ. ಆಯಿಲು ಎಲ್ಲೋ ಸೋರುತ್ತಿರಬೇಕು. ಚಕ್ರಗಳ ಒಳಬದಿ, ಕೊಳವೆ, ಹೋಸುಗಳೆಲ್ಲ ಒಣಗಿದ್ದರೆ, ಮಾಸ್ಟರ್ ಸಿಲಿಂಡರಿನೊಳಗೇ ರಬ್ಬರ್ ಕಪ್ ಸವೆದು ಆಯಿಲು ಹಿಂದಕ್ಕೆ ನುಸುಳುತ್ತಿದೆಯೆಂದು ಸಂದೇಹಪಡಬೇಕು. ಹೊರಗೆ ಒಂದು ಹನಿಯೂ ಕಾಣದ ಈ ದೋಷವು ಅನೇಕರನ್ನು ಮೋಸಗೊಳಿಸಿದೆ.

ಪೆಡಲು ಅತಿಯಾಗಿ ಗಟ್ಟಿಯಾಗಿದ್ದರೆ ಬೂಸ್ಟರನ್ನು ಪರೀಕ್ಷಿಸುತ್ತಾರೆ. ಎಂಜಿನ್ನನ್ನು ನಿಲ್ಲಿಸಿ ಪೆಡಲನ್ನು ಹಲವು ಸಲ ತುಳಿದು, ಕಾಲನ್ನು ಹಾಗೆಯೇ ಒತ್ತಿಟ್ಟು ಎಂಜಿನ್ನನ್ನು ಚಾಲೂ ಮಾಡಬೇಕು. ಪೆಡಲು ತುಸು ಕೆಳಕ್ಕೆ ಜಾರಿದರೆ ಬೂಸ್ಟರು ಕೆಲಸ ಮಾಡುತ್ತಿದೆ, ಜಾರದಿದ್ದರೆ ಇಲ್ಲ. ಇದಕ್ಕೆ ಯಾವ ಉಪಕರಣವೂ ಬೇಡ.

ಪಕ್ಕಕ್ಕೆ ಎಳೆಯುವ ಗಾಡಿಯ ನಿದಾನದಲ್ಲಿ ಹುಡುಗನ ಬುದ್ಧಿ ಚೆನ್ನಾಗಿ ಪರೀಕ್ಷೆಗೊಳಗಾಗುತ್ತದೆ. ಟೊಮೇಟೊ ಇಳಿಸಿ ಬಂದ ಸರಕಿನ ಗಾಡಿಯೊಂದು ಬ್ರೇಕು ತುಳಿದಾಗಲೆಲ್ಲ ಎಡಕ್ಕೆ ತಿರುಗುತ್ತದೆ ಎಂದು ಭಾವಿಸಬಹುದು.

‘ಎಡಗಡೆಯ ಬ್ರೇಕು ಜೋರಾಗಿ ಹಿಡಿಯುತ್ತಿದೆ, ಮೇಸ್ತ್ರಿ. ಎಡಚಕ್ರವನ್ನು ಬಿಚ್ಚಲೆ?’ ಎಂದು ಹುಡುಗ ಕೇಳುತ್ತಾನೆ.

‘ಜೋರಾಗಿ ಹಿಡಿಯುತ್ತಿದೆಯೆಂದು ನಿನಗೆ ಹೇಳಿದವರಾರು? ಅದು ಸರಿಯಾಗಿಯೇ ಹಿಡಿಯುತ್ತಿರಬಹುದು. ಬಲಗಡೆಯದು ಹಿಡಿಯದೆ ಹೋದರೂ ಗಾಡಿ ಎಡಕ್ಕೇ ಅಲ್ಲವೇನಯ್ಯಾ ಎಳೆಯುವುದು?’

ಮೊದಲು ಎರಡು ಟಯರುಗಳ ಗಾಳಿಯನ್ನು ಅಳೆಯಬೇಕು. ಅಲ್ಲಿ ವ್ಯತ್ಯಾಸವಿದ್ದರೆ ಬ್ರೇಕನ್ನು ದೂಷಿಸಬೇಕಾಗಿಲ್ಲ. ಅವು ಸಮನಾಗಿದ್ದರೆ ಗಾಡಿಯನ್ನು ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳ ಬಳಿ ಅಂಗೈ ಹಿಡಿಯಬೇಕು, ಮುಟ್ಟಬಾರದು. ಎಡದ ಡ್ರಮ್ಮು ಹದವಾಗಿ ಬಿಸಿಯಾಗಿದ್ದು ಬಲದ್ದು ತಣ್ಣಗಿದ್ದರೆ ದೋಷ ಬಲಗಡೆಯದು. ಬಿಚ್ಚಿ ನೋಡಿದಾಗ ಲೈನಿಂಗು ಆಯಿಲಿನಿಂದ ನೆನೆದು ನುಣುಪಾಗಿರುತ್ತದೆ. ಹೊಸ ಲೈನಿಂಗು ಹಾಕಿದರೆ ಗಾಡಿ ಅಂದೇ ನೆಟ್ಟಗೆ ನಿಲ್ಲುತ್ತದೆ, ಚಾಲಕನೂ ಸಂತೋಷದಿಂದ ಹಣ ಕೊಟ್ಟು ಹೋಗುತ್ತಾನೆ. ಆದರೆ ಆಯಿಲು ಅಲ್ಲಿಗೆ ಬಂದದ್ದು ಹೇಗೆ? ಚಕ್ರದ ಸಿಲಿಂಡರಿನ ರಬ್ಬರ್ ಕಪ್ ಸೋರುತ್ತಿದೆ. ಅದನ್ನು ಹಾಗೆಯೇ ಬಿಟ್ಟರೆ ಹೊಸ ಲೈನಿಂಗೂ ಕೆಲವೇ ದಿನಗಳಲ್ಲಿ ನೆನೆಯುತ್ತದೆ, ಪ್ರಾಯಶಃ ಯಾವುದಾದರೂ ಇಳಿಜಾರಿನ ನಡುವೆ. ಕಾರಣವನ್ನು ಮುಟ್ಟದೆ ಹೊಸ ಭಾಗವನ್ನು ಜೋಡಿಸುವುದು ವ್ಯಾಪಾರವೇ ಹೊರತು ರಿಪೇರಿಯಲ್ಲ. ಅಲ್ಲದೆ ಒಂದು ಅಚ್ಚಿನ ಎರಡೂ ಚಕ್ರಗಳ ಲೈನಿಂಗನ್ನು ಒಟ್ಟಿಗೆ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಎಳೆತ ಮತ್ತೆ ಉಳಿಯುತ್ತದೆ.

ಡ್ರಮ್ಮಿನಲ್ಲಿ ಸೇರಿರುವ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಲಾಗದು. ಹಿಂದೆ ಲೈನಿಂಗುಗಳನ್ನು ಹೆಚ್ಚಾಗಿ ಕಲ್ನಾರಿನಿಂದ ಮಾಡುತ್ತಿದ್ದರು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿದರೆ ದಶಕಗಳ ಮೇಲೆ ಕ್ಯಾನ್ಸರನ್ನು ಉಂಟುಮಾಡಬಲ್ಲವು. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ರಿಪೇರಿ ಮುಗಿದ ಮೇಲೆ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರಹಾಕಬೇಕು. ಇದು ಇಬ್ಬರ ಕೆಲಸ. ಒಬ್ಬನು ಪೆಡಲಿನ ಮೇಲೆ, ಇನ್ನೊಬ್ಬನು ಚಕ್ರದ ಬಳಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಮೊದಲುಮಾಡಿ ಹತ್ತಿರದ ಚಕ್ರಕ್ಕೆ ಬರುತ್ತಾರೆ. ನಿಪ್ಪಲಿಗೆ ತೊಡಿಸಿದ ನಳಿಕೆಯ ಇನ್ನೊಂದು ತುದಿ ಆಯಿಲಿರುವ ಗಾಜಿನ ಸೀಸೆಯಲ್ಲಿ ಮುಳುಗಿರಬೇಕು. ‘ಒತ್ತು’ ಎಂದಾಗ ಒತ್ತಿ ಹಿಡಿಯಬೇಕು. ನಿಪ್ಪಲನ್ನು ಬಿಚ್ಚಿ, ಗುಳ್ಳೆಗಳು ಹೊರಬಂದು, ಮತ್ತೆ ಬಿಗಿದ ಮೇಲೆಯೇ ‘ಬಿಡು’ ಎನ್ನಬೇಕು. ಬಿಗಿಯುವ ಮೊದಲೇ ಪೆಡಲನ್ನು ಬಿಟ್ಟರೆ ಗಾಳಿಯು ಹಿಂದಕ್ಕೆ ಹೀರಲ್ಪಡುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಮೇಲಿನ ಡಬ್ಬಿಯಲ್ಲಿ ಆಯಿಲು ಬರಿದಾಗದಂತೆ ನಡುನಡುವೆ ತುಂಬುತ್ತಿರಬೇಕು.

ಆ ಆಯಿಲಿನ ವಿಷಯದಲ್ಲಿ ಎರಡು ಮಾತು ಅವಶ್ಯ. ಹೆಸರು ಆಯಿಲಾದರೂ ಅದು ಎಣ್ಣೆಯ ಜಾತಿಯದಲ್ಲ. ಸಾಧಾರಣ ಬಳಕೆಯ ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಹಳೆಯ ಆಯಿಲಿರುವ ಗಾಡಿ ಬಯಲಿನ ರಸ್ತೆಯಲ್ಲಿ ಯಾವ ದೋಷವನ್ನೂ ತೋರದೆ, ಘಟ್ಟದಲ್ಲಿ ಆಯಿಲು ಕುದಿದು ಆವಿಯಾದಾಗ ಪೆಡಲು ನೆಲ ಮುಟ್ಟುವುದು ಇದರಿಂದಲೇ. ತಣಿದ ಮೇಲೆ ಪೆಡಲು ಮತ್ತೆ ಗಟ್ಟಿಯಾಗುವುದರಿಂದ ಚಾಲಕನ ಮಾತನ್ನು ನಂಬದೆ ಕಳುಹಿಸುವವರೂ ಇದ್ದಾರೆ. ಎರಡನೆಯದಾಗಿ, ಬ್ರೇಕ್ ಆಯಿಲು ಸಿಗದಾಗ ಎಂಜಿನ್ ಆಯಿಲನ್ನು ಸುರಿಯುವುದಾಗಲಿ, ಬ್ರೇಕಿನ ರಬ್ಬರನ್ನು ಪೆಟ್ರೋಲು, ಸೀಮೆಎಣ್ಣೆಗಳಲ್ಲಿ ತೊಳೆಯುವುದಾಗಲಿ ಅಪಾಯಕರ. ರಬ್ಬರು ಉಬ್ಬಿ ಹಾಳಾಗುತ್ತದೆ.

ಬಸ್ಸು, ದೊಡ್ಡ ಲಾರಿಗಳಲ್ಲಿ ಆಯಿಲಿನ ಬದಲು ಒತ್ತಿದ ಗಾಳಿ ಬ್ರೇಕನ್ನು ನಡೆಸುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗಾಗಿ ಕಲ್ಪಿಸಿದ ಉಪಾಯದಿಂದ ಬೆಳೆದುದು ಇದು. ಇಲ್ಲಿ ನಿದಾನಕ್ಕೆ ಕಿವಿಯೇ ಮುಖ್ಯ. ಎಂಜಿನ್ನನ್ನು ನಿಲ್ಲಿಸಿದ ಮೇಲೆ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ನೋಡಿ, ಬುಸುಗುಟ್ಟುವ ಸದ್ದನ್ನು ಅರಸಿ, ಸಂದೇಹವಿರುವ ಕೀಲಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ನೊರೆ ಏಳುತ್ತದೆ. ಈಚಿನ ಭಾರಿ ವಾಹನಗಳಲ್ಲಿ ಗಾಳಿ ತೀರಿದರೆ ಬಲವಾದ ಸ್ಪ್ರಿಂಗು ತಾನಾಗಿಯೇ ಬ್ರೇಕು ಹಾಕುತ್ತದೆ.

ಹೊಸ ಕಾರುಗಳಲ್ಲಿ ಚಕ್ರ ಜಾರದಂತೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆಯೂ ಬಂದಿದೆ. ಅದು ಕೆಟ್ಟಾಗ ಎದುರಿನ ಫಲಕದಲ್ಲಿ ದೀಪ ಹೊತ್ತುತ್ತದೆ, ಸ್ಕ್ಯಾನರು ಒಂದು ಸಂಕೇತವನ್ನು ಕೊಡುತ್ತದೆ. ಸಂಕೇತವು ಯಾವ ಚಕ್ರದಿಂದ ಸುದ್ದಿ ಬರುತ್ತಿಲ್ಲ ಎಂದು ಹೇಳೀತು. ತಂತಿಯನ್ನು ಇಲಿ ಕಡಿದಿದೆಯೋ, ಸೆನ್ಸರಿಗೆ ಕೆಸರು ಮೆತ್ತಿದೆಯೋ ಎಂದು ಬಗ್ಗಿ ನೋಡಬೇಕಾದವನು ಮನುಷ್ಯನೇ.

ಕೊನೆಗೆ ಗಾಡಿ ರಸ್ತೆಗೆ ಹೋಗುತ್ತದೆ. ಮೊದಲು ನಿಂತಲ್ಲಿಯೇ ಪೆಡಲು ಗಟ್ಟಿಯಾಗಿರುವುದನ್ನು ಖಚಿತಪಡಿಸಿಕೊಂಡು, ಜನಸಂಚಾರವಿಲ್ಲದ ಕಡೆ ನಿಧಾನವಾಗಿ, ಆಮೇಲೆ ತುಸು ವೇಗವಾಗಿ ಓಡಿಸಿ ಬ್ರೇಕು ಹಾಕಿ ನೋಡುತ್ತಾರೆ. ಮೇಸ್ತ್ರಿ ಓಡಿಸುತ್ತಾನೆ, ಹುಡುಗ ಪಕ್ಕದಲ್ಲಿ ಕುಳಿತು ಕಿವಿಗೊಡುತ್ತಾನೆ. ಹಿಂದಿರುಗಿದ ಮೇಲೆ ಇಬ್ಬರೂ ಇಳಿದು ಒಂದೊಂದು ಚಕ್ರದ ಬಳಿಯೂ ಅಂಗೈ ಹಿಡಿಯುತ್ತಾರೆ. ಒಂದೇ ಅಚ್ಚಿನ ಎಡಬಲಗಳ ಬಿಸಿ ಸಮನಾಗಿದ್ದರೆ ಕೀಲಿಕೈ ಚಾಲಕನ ಕೈ ಸೇರುತ್ತದೆ. ಇಲ್ಲವಾದರೆ ಜಾಕು ಮತ್ತೆ ಹೊರಬರುತ್ತದೆ, ಚಾಲಕನು ಎಷ್ಟೇ ಅವಸರಪಡಿಸಲಿ.