ಸವೆಯೋದು ಸವೆಯಲಿ, ಉಳಿಯೋದು ಉಳಿಯಲಿ

ಸೈಕಲ್ ತಗೊಂಡು ಇನ್ನೂ ವರ್ಷ ತುಂಬಿಲ್ಲ, ಆಗಲೇ ‘ಅಂಕಲ್, ಮುಂದಕ್ಕೆ ಏರ್ ಫೋರ್ಕ್ ಹಾಕಿಸೋಣವಾ, ಹಿಂದಕ್ಕೆ ಹನ್ನೆರಡು ಸ್ಪೀಡ್ ಮಾಡಿಸೋಣವಾ’ ಅಂತ ಕೇಳ್ತಿದ್ದೀಯ. ಮಾಡಿಸೋಣ ಕಣಪ್ಪಾ. ದುಡ್ಡು ನಿಂದು, ಕೆಲಸ ನಂದು, ನನಗೇನೂ ನಷ್ಟವಿಲ್ಲ. ಆದರೆ ನಿನ್ನ ಚೈನು ಕಿರ್ರೋ ಅಂತಿದೆ, ಹಿಂದಿನ ಬ್ರೇಕಿನ ಲಿವರ್ ಎಳೆದರೆ ಹ್ಯಾಂಡಲ್ ಮುಟ್ಟುತ್ತೆ, ಟೈರಿನಲ್ಲಿ ಗಾಳಿ ಇಲ್ಲ. ಇವನ್ನ ಬಿಟ್ಟು ಫೋರ್ಕಿನ ಮಾತು ಈಗ ಯಾಕೆ? ಸ್ವಲ್ಪ ಕೂತ್ಕೋ, ಹೇಳ್ತೀನಿ.

ಮೌಂಟನ್ ಬೈಕಿನಲ್ಲಿ ಎರಡು ಬಗೆಯ ಭಾಗಗಳಿವೆ. ಚೈನು, ಬ್ರೇಕ್ ಪ್ಯಾಡು, ಕೇಬಲ್ಲು, ಟೈರು, ಡಿರೇಲರ್ ಹ್ಯಾಂಗರು ಇವೆಲ್ಲ ಸವೆಯೋದಕ್ಕೋ ಮುರಿಯೋದಕ್ಕೋ ಇರೋವು. ಫ್ರೇಮು, ಹಬ್, ಕ್ರ್ಯಾಂಕು, ಫೋರ್ಕು ಉಳಿಯಬೇಕಾದವು. ಮೊದಲನೆಯವಕ್ಕೆ ಹೊತ್ತಿಗೆ ಸರಿಯಾಗಿ ಸಣ್ಣ ದುಡ್ಡು ಹಾಕಿದರೆ ಎರಡನೆಯವಕ್ಕೆ ದೊಡ್ಡ ದುಡ್ಡು ಹಾಕೋ ಪ್ರಮೇಯ ಬರಲ್ಲ. ನನ್ನ ಅಂಗಡಿಯ ವಿದ್ಯೆಯೆಲ್ಲ ಇಷ್ಟೇ.

ಈ ಜಾತಿಯ ಸೈಕಲ್ಲು ಹುಟ್ಟಿದ್ದೇ ಬಿಚ್ಚಿ ಕಟ್ಟೋರ ಕೈಯಲ್ಲಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿ ಅನ್ನೋ ಕಡೆ, ಹುಡುಗರು ಹಳೇ ದಪ್ಪ ಟೈರಿನ ಸೈಕಲ್ ಹುಡುಕಿ ತಂದು ಬೆಟ್ಟದಿಂದ ಇಳಿಸ್ತಿದ್ದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯೋ ಬ್ರೇಕು ಹಿಂದಿನ ಹಬ್ ಒಳಗೇ ಇರ್ತಿತ್ತು. ಕೆಳಗೆ ಬರೋ ಹೊತ್ತಿಗೆ ಅದು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗ್ತಿತ್ತು. ಬಿಚ್ಚಿ ಮತ್ತೆ ಗ್ರೀಸ್ ತುಂಬಿದರೇನೇ ಇನ್ನೊಂದು ಸಲ ಇಳಿಯೋದು. 1976ರಲ್ಲಿ ಆ ಇಳಿಜಾರಿನಲ್ಲೇ ರೇಸು ಶುರುವಾಯ್ತು. ಮರುವರ್ಷ ಅವರಲ್ಲೊಬ್ಬರಾದ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮು ಮಾಡಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅನ್ನೋ ಸೈಕಲ್ಲು ಕಾರ್ಖಾನೆಯಿಂದ ಅಂಗಡಿಗೆ ಬಂತು. ಮೊದಲು ಗ್ರೀಸ್ ತುಂಬೋದು, ಆಮೇಲೆ ಹೊಸ ಫ್ರೇಮು. ನೀನೂ ಅದೇ ಕ್ರಮ ಹಿಡಿ.

ಮೊದಲು ಚೈನು. ‘ಚೈನು ಉದ್ದ ಆಗಿದೆ’ ಅಂತ ನಾವು ಹೇಳ್ತೀವಿ, ಆದರೆ ಅದರ ಕಬ್ಬಿಣವೇನೂ ಹಿಗ್ಗಿರಲ್ಲ. ಒಂದೊಂದು ಕೀಲಿನ ಪಿನ್ನೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಉದ್ದವಾಗಿರುತ್ತೆ. ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು ಇರಬೇಕು. ಆದ್ದರಿಂದ ಅಳೆಯೋಕೆ ದೊಡ್ಡ ಟೂಲೇನೂ ಬೇಡ, 12 ಇಂಚಿನ ಸ್ಟೀಲ್ ಸ್ಕೇಲು ಸಾಕು. ಸೊನ್ನೆಯನ್ನ ಒಂದು ಪಿನ್ನಿನ ನಡುವಿಗೆ ಇಡು, ಅದನ್ನ ಬಿಟ್ಟು ಮುಂದಕ್ಕೆ 24 ಪಿನ್ ಎಣಿಸು. ಹೊಸ ಚೈನಾದರೆ 24ನೆಯದು 12ರ ಗೆರೆಯ ಮೇಲೇ ಕೂರುತ್ತೆ. ಗೆರೆ ದಾಟಿ ಒಂದೂವರೆ ಮಿಲಿಮೀಟರ್ ಹೋಗಿದ್ದರೆ ಚೈನು ಬದಲಿಸೋ ಹೊತ್ತು ಬಂತು ಅಂತ ಲೆಕ್ಕ. ಹನ್ನೊಂದು, ಹನ್ನೆರಡು ಸ್ಪೀಡಿನ ಸೈಕಲ್ಲಿಗೆ ಅಲ್ಲಿಂದಾಚೆಗೆ ಒಂದು ದಿನವೂ ತಡ ಬೇಡ. ಏಳು, ಎಂಟು ಸ್ಪೀಡಿನವರಿಗೆ ಇನ್ನೂ ಕೊಂಚ ಕಾಲಾವಕಾಶ ಇದೆ. ಮೂರು ಮಿಲಿಮೀಟರ್ ದಾಟಿತೋ, ಹಿಂದಿನ ಹಲ್ಲುಗಳೂ ಆ ಸವೆದ ಚೈನಿಗೆ ತಕ್ಕ ಹಾಗೆ ಸವೆದುಕೊಂಡಿರ್ತವೆ. ಆಗ ಹೊಸ ಚೈನು ಹಾಕಿದರೆ ಹಳೇ ಹಲ್ಲಿನ ಮೇಲೆ ನಿಲ್ಲದೆ, ಏರಿನಲ್ಲಿ ನೀನು ಎದ್ದು ತುಳಿಯೋ ಹೊತ್ತಿಗೇ ಜಾರುತ್ತೆ. ಚೈನಿನ ದುಡ್ಡಿನ ಜೊತೆ ಕ್ಯಾಸೆಟ್ಟಿಗೂ, ಅಂದರೆ ಹಿಂದಿನ ಹಲ್ಲಿನ ಗೊಂಚಲಿಗೂ ದುಡ್ಡು. ಇನ್ನೂ ಬಿಟ್ಟರೆ ಮುಂದಿನ ಚೈನ್ ರಿಂಗಿಗೂ ದುಡ್ಡು.

ಎಣ್ಣೆಯ ವಿಷಯದಲ್ಲಿ ಎರಡು ತಪ್ಪು ದಿನಾ ನೋಡ್ತೀನಿ. ಒಂದು, ಡಬ್ಲ್ಯೂಡಿ-40 ಹೊಡೆದು ‘ಆಯಿಲ್ ಹಾಕಿದೀನಿ’ ಅನ್ನೋದು. ಅದು ತೇವ ಓಡಿಸೋಕೆ, ತುಕ್ಕು ಸಡಿಲಿಸೋಕೆ ಸೈ. ಚೈನಿನ ಮೇಲೆ ಹೆಚ್ಚು ಹೊತ್ತು ನಿಲ್ಲಲ್ಲ, ಇದ್ದ ಎಣ್ಣೆಯನ್ನೂ ತೊಳ್ಕೊಂಡು ಹೋಗುತ್ತೆ. ಇನ್ನೊಂದು, ಗಾಡಿಯ ಎಂಜಿನ್ ಆಯಿಲ್ ಸುರಿಯೋದು. ನಮ್ಮ ಕೆಂಪು ಮಣ್ಣಿನ ಧೂಳು ಅದಕ್ಕೆ ಅಂಟಿದರೆ ಚೈನಿಗೆ ನೀನೇ ಉಪ್ಪುಕಾಗದ ಉಜ್ಜಿದ ಲೆಕ್ಕ. ಸೈಕಲ್ ಚೈನಿನ ಲ್ಯೂಬೇ ತಗೋ. ಬೇಸಿಗೆಗೆ ಡ್ರೈ, ಮಲೆನಾಡಿನ ಮಳೆಗೆ ವೆಟ್. ಚೈನು ಒರೆಸಿ, ಒಳಮೈಯಲ್ಲಿ ಕೀಲಿಗೆ ಒಂದು ಹನಿಯಂತೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗಿನದೆಲ್ಲ ಬನಿಯನ್ ಬಟ್ಟೆಯಿಂದ ಒರೆಸಿಬಿಡು. ಎಣ್ಣೆ ಕೀಲಿನ ಒಳಗೆ ಬೇಕು, ಹೊರಗೆ ನಿಂತರೆ ಧೂಳಿಗೆ ಮಾತ್ರ ಲಾಭ.

ಗೇರು ಸರಿಯಾಗಿ ಬೀಳ್ತಿಲ್ಲ ಅಂದರೆ ಕೂಡಲೇ ಸ್ಕ್ರೂಡ್ರೈವರ್ ಎತ್ಕೋಬೇಡ. ಹೊಸ ಸೈಕಲ್ಲಾದರೆ ಮೊದಲ ಕೆಲವು ವಾರದಲ್ಲಿ ಕೇಬಲ್ಲು ಔಟರ್ ಒಳಗೆ ಕೂತು ಸ್ವಲ್ಪ ಸಡಿಲ ಆಗುತ್ತೆ. ಕೇಬಲ್ಲು ಒಳಹೋಗೋ ಕಡೆ ಇರೋ ಬ್ಯಾರಲ್ ಅಡ್ಜಸ್ಟರನ್ನ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತೆ. ಚೈನನ್ನ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸರಿಸೋ ಡಿರೇಲರ್ ಮೇಲೆ ಎಚ್, ಎಲ್ ಅಂತ ಬರೆದಿರೋ ಎರಡು ಸ್ಕ್ರೂಗಳಿವೆಯಲ್ಲ, ಅವು ಡಿರೇಲರ್ ಎಲ್ಲಿಗೆ ನಿಲ್ಲಬೇಕು ಅನ್ನೋದಕ್ಕೆ ಗಡಿ. ತಾವಾಗಿ ಅವು ಅಲುಗಾಡೋದು ಅಪರೂಪ. ಗೊತ್ತಿಲ್ಲದೆ ಎಲ್ ಸ್ಕ್ರೂ ಸಡಿಲಿಸಿದರೆ ಚೈನು ದೊಡ್ಡ ಹಲ್ಲನ್ನೂ ದಾಟಿ ಕಡ್ಡಿಗಳ ಮಧ್ಯಕ್ಕೆ ಬೀಳುತ್ತೆ.

ಸೈಕಲ್ಲು ಬಲಮಗ್ಗುಲಿಗೆ ಬಿದ್ದ ಮೇಲೆ ಗೇರು ಕೆಟ್ಟಿದ್ದರೆ ಮೊದಲ ಅನುಮಾನ ಹ್ಯಾಂಗರಿನ ಮೇಲಿರಲಿ. ಡಿರೇಲರನ್ನ ಫ್ರೇಮಿಗೆ ಹಿಡಿದಿರೋ ಆ ಪುಟ್ಟ ಅಲ್ಯೂಮಿನಿಯಂ ತುಂಡನ್ನ ಮೆತ್ತಗೇ ಮಾಡಿರ್ತಾರೆ. ಏಟು ಬಿದ್ದಾಗ ತಾನು ಬಾಗಿ, ಇಲ್ಲ ಮುರಿದು, ಫ್ರೇಮನ್ನೂ ಡಿರೇಲರನ್ನೂ ಕಾಯೋದು ಅದರ ಕೆಲಸ. ಹಿಂದಿನಿಂದ ಕೂತು ನೋಡು, ಡಿರೇಲರ್ ಚಕ್ರಕ್ಕೆ ಸಮಾನಾಂತರವಾಗಿ ನೇತಾಡಬೇಕು. ಒಳಕ್ಕೆ ವಾಲಿದ್ದರೆ ಆ ಸೈಕಲ್ಲನ್ನ ಏರಿನ ದೊಡ್ಡ ಗೇರಿಗೆ ಹಾಕಲೇಬೇಡ. ಹಾಕಿದರೆ ಡಿರೇಲರ್ ಕಡ್ಡಿಗೆ ಸಿಕ್ಕಿ, ಒಂದೇ ಸುತ್ತಿಗೆ ಡಿರೇಲರ್ರೂ ಹೋಯ್ತು, ಚಕ್ರವೂ ಹೋಯ್ತು. ಹ್ಯಾಂಗರು ಒಂದೊಂದು ಫ್ರೇಮಿಗೂ ಬೇರೆ ಬೇರೆ. 2019ರಲ್ಲಿ ಶ್ರಾಮ್ ಕಂಪನಿ ಎಲ್ಲರಿಗೂ ಒಂದೇ ಅಳತೆಯದು ತಂದಿತು, ಆದರೆ ಅದಕ್ಕೆ ತಕ್ಕಂತೆ ಮಾಡಿದ ಫ್ರೇಮು ಬೇಕು. ನಿನ್ನದಕ್ಕೆ ಹೊಂದೋದನ್ನ ಒಂದು ಈಗಲೇ ತರಿಸಿ ಬ್ಯಾಗಿನಲ್ಲಿ ಇಟ್ಕೋ. ಸಕಲೇಶಪುರದ ಕಾಡುದಾರಿಯಲ್ಲಿ ಮುರಿದರೆ ಯಾವ ಊರಿನ ಅಂಗಡಿಯಲ್ಲೂ ಅದು ಸಿಗಲ್ಲ.

ಇನ್ನು ಬ್ರೇಕು. ಹಳೇ ಕಾಲದ ಸೈಕಲ್ ಬುದ್ಧಿ ಇಲ್ಲಿ ನಡೆಯಲ್ಲ. ಡಿಸ್ಕ್ ಬ್ರೇಕು ಕಿರುಚಿದರೆ ಅದಕ್ಕೆ ಎಣ್ಣೆ ಬಿಡೋರನ್ನ ನೋಡಿದೀನಿ. ಒಂದೇ ಒಂದು ಹನಿ ಎಣ್ಣೆ ಸಾಕು, ಪ್ಯಾಡು ಅದನ್ನ ಹೀರ್ಕೊಂಡು ಬ್ರೇಕೇ ಹಿಡಿಯಲ್ಲ. ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕಿಗೆ ಬಟ್ಟೆ ಮುಚ್ಚು. ಆಯುಧ ಪೂಜೆ ದಿನ ಸೈಕಲ್ಲಿಗೆ ಹೂವು ಹಾಕು, ನಿಂಬೆಹಣ್ಣು ತುಳಿಸು, ಅರಿಶಿನ ಕುಂಕುಮ ಫ್ರೇಮಿಗೆ ಇಡು, ಡಿಸ್ಕಿಗೆ ಮಾತ್ರ ಬೇಡ. ಕೊಳೆಯಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಚೊಕ್ಕ ಬಟ್ಟೆಯಿಂದ ಒರೆಸು.

ಪ್ಯಾಡಿನ ಮೇಲಿನ ಉಜ್ಜೋ ಪದರ ಅರ್ಧ ಮಿಲಿಮೀಟರಿಗೆ ಇಳಿದರೆ ಪ್ಯಾಡು ಬದಲಿಸು ಅಂತ ಶಿಮಾನೊ ಕಂಪನಿ ಹೇಳುತ್ತೆ. ಒಂದು ಮಿಲಿಮೀಟರಿಗೇ ಬದಲಿಸು ಅಂತ ನನ್ನ ಮಾತು. ಪ್ಯಾಡಿನ ಹಿಂದಿನ ತಗಡು ಡಿಸ್ಕಿಗೆ ಉಜ್ಜೋಕೆ ಶುರುವಾದ ಮೇಲೆ ಡಿಸ್ಕೂ ಲೆಕ್ಕಕ್ಕೆ ಸೇರುತ್ತೆ. ಶಿಮಾನೊ ಡಿಸ್ಕು ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು. ಹೊಸ ಪ್ಯಾಡು ಹಾಕಿದ ದಿನವೇ ನಂದಿಬೆಟ್ಟ ಇಳಿಯೋಕೆ ಹೋಗಬೇಡ. ಖಾಲಿ ರಸ್ತೆಯಲ್ಲಿ ವೇಗ ಏರಿಸಿ, ಬ್ರೇಕು ಹಿಡಿದು ನಡಿಗೆಯ ವೇಗಕ್ಕೆ ಇಳಿಸೋದನ್ನ ಇಪ್ಪತ್ತು ಸಲ ಮಾಡು. ಪ್ಯಾಡು, ಡಿಸ್ಕು ಒಂದಕ್ಕೊಂದು ಹೊಂದಿದ ಮೇಲೇ ಪೂರ್ತಿ ಹಿಡಿತ ಬರೋದು.

ಹೈಡ್ರಾಲಿಕ್ ಆದರೆ ಇನ್ನೆರಡು ಎಚ್ಚರ. ಚಕ್ರ ಬಿಚ್ಚಿದಾಗ ಲಿವರ್ ಒತ್ತಬೇಡ. ಪ್ಯಾಡುಗಳು ಮುಂದೆ ಬಂದು ಕೂಡಿಕೊಂಡರೆ ಡಿಸ್ಕು ಒಳಗೆ ಹೋಗಲ್ಲ. ಬಸ್ಸಿಗೋ ಕಾರಿಗೋ ಹಾಕುವಾಗ ಮಧ್ಯಕ್ಕೆ ಪ್ಲಾಸ್ಟಿಕ್ ಸ್ಪೇಸರ್ ತುರುಕು, ಇಲ್ಲದಿದ್ದರೆ ದಪ್ಪ ರಟ್ಟಾದರೂ ಇಡು. ಎರಡನೆಯದು ಇನ್ನೂ ಮುಖ್ಯ. ಶಿಮಾನೊ, ಮಗುರಾ, ಟೆಕ್ಟ್ರೊ ಬ್ರೇಕುಗಳಿಗೆ ಮಿನರಲ್ ಆಯಿಲ್ ಹಾಕಬೇಕು. ಶ್ರಾಮ್‌ನ ಹೆಚ್ಚಿನ ಬ್ರೇಕುಗಳಿಗೆ ಡಾಟ್ ಫ್ಲೂಯಿಡ್, ಈಚಿನ ಕೆಲವಕ್ಕೆ ಮಿನರಲ್ ಆಯಿಲ್. ಒಂದರದು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲು ಊದಿ ಬ್ರೇಕು ಪೂರ್ತಿ ಹಾಳು. ಕಂಪನಿ ಹೆಸರು ನೋಡಿ ಊಹಿಸಬೇಡ, ಬ್ರೇಕಿನ ಮೇಲೆ ಬರೆದಿರೋದನ್ನ ಓದು.

ಟೈರಿಗೆ ಬಾ. ಅಂಗಡಿಯಲ್ಲಿ 26, 27.5, 29 ಅಂತ ಕೇಳ್ತೀರಿ. ಟೈರಿನ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತೆ, ನಂಬಬೇಕಾದ್ದು ಅದನ್ನ. 26 ಇಂಚಿನದಕ್ಕೆ 559, 27.5ಕ್ಕೆ 584, 29ಕ್ಕೆ 622. ಇದು ರಿಮ್ಮಿನ ಮೇಲೆ ಟೈರು ಕೂರೋ ಜಾಗದ ಅಳತೆ, ಮಿಲಿಮೀಟರ್ ಲೆಕ್ಕದಲ್ಲಿ. ಟ್ಯೂಬು ತರುವಾಗ ವಾಲ್ವೂ ನೋಡು. ದಪ್ಪನೆಯದಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು, ಸಣ್ಣ ಪ್ರೆಸ್ಟಾ ಆದರೆ ಪುಟ್ಟ ಅಡಾಪ್ಟರ್ ಜೇಬಿನಲ್ಲಿರಲಿ. ತುರಹಳ್ಳಿಯಂಥ ಕಲ್ಲುದಾರಿಗೆ, ಟ್ಯೂಬಿರೋ 2.1 ಇಂಚಿನ ಟೈರಾದರೆ 30 ಪಿಎಸ್‌ಐ ಆಸುಪಾಸಿನಲ್ಲಿ ಶುರು ಮಾಡಿ, ನಿನ್ನ ತೂಕ ನೋಡ್ಕೊಂಡು ಏರಿಸು, ಇಳಿಸು. ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ತೂತು ಕಂಡರೆ ಗಾಳಿ ಕಮ್ಮಿಯಾಗಿ ರಿಮ್ಮು ಕಲ್ಲಿಗೆ ಬಡಿದಿದೆ ಅಂತ ಅರ್ಥ. ಒಂದೇ ತೂತಾದರೆ ಮುಳ್ಳೇ ಇರಬೇಕು, ಪಂಚರ್ ಹಾಕೋ ಮುಂಚೆ ಟೈರಿನ ಒಳಮೈ ಸವರಿ ಜಾಲಿಮುಳ್ಳು ತೆಗಿ. ಟ್ಯೂಬ್‌ಲೆಸ್ ಮಾಡಿಸಿದರೆ ತೂತು ಮುಚ್ಚೋಕೆ ಒಳಗೆ ಹಾಕೋ ಸೀಲಂಟು ಕೆಲವೇ ತಿಂಗಳಲ್ಲಿ ಒಣಗುತ್ತೆ ಅನ್ನೋದು ನೆನಪಿರಲಿ.

ನಟ್ಟು ಬೋಲ್ಟಿನಲ್ಲಿ ಬಲ ತೋರಿಸೋದಲ್ಲ ಕೆಲಸ. ಹ್ಯಾಂಡಲ್ಲಿನ ಸ್ಟೆಮ್ಮಿನ ಮೇಲೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಜುಬಾಜು ಬರೆದಿರುತ್ತೆ. ಪುಟ್ಟ ಆಲನ್ ಕೀ ಹಿಡಿದು ಬೆರಳಿನ ಬಲದಲ್ಲಿ ಬಿಗಿ ಮಾಡಿದರೆ ಸಾಕಾಗೋ ಬಿಗಿ ಅದು. ಕ್ರ್ಯಾಂಕಿಗೆ ಹಾಗಲ್ಲ, ಗಟ್ಟಿಯಾಗಿ ಬಿಗಿಯಬೇಕು. ಚೌಕದ ಆಕ್ಸಲ್ ಇರೋ ಸೈಕಲ್ಲಿನಲ್ಲಿ ಎಡಗಡೆ ಕ್ರ್ಯಾಂಕು ‘ಟಕ್ ಟಕ್’ ಅಂದರೆ ಆ ಕ್ಷಣ ಇಳಿ. ಸಡಿಲಾದ ಕ್ರ್ಯಾಂಕಿನಲ್ಲಿ ಮನೆ ತನಕ ತುಳ್ಕೊಂಡು ಬಂದರೆ ಒಳಗಿನ ಚೌಕದ ಮೂಲೆಗಳು ಸವೆದು ಗುಂಡಾಗಿಬಿಡ್ತವೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ, ಹೊಸದೇ ಗತಿ. ಕೂಡಲೇ ಬಿಗಿ ಮಾಡಿದರೆ ಒಂದು ನಿಮಿಷದ ಕೆಲಸ, ತಡ ಮಾಡಿದರೆ ಒಂದು ಕ್ರ್ಯಾಂಕಿನ ಖರ್ಚು. ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ಥ್ರೆಡ್ ಅನ್ನೋದು ಮರೆಯಬೇಡ. ಸ್ಪ್ಯಾನರ್ ಮೇಲ್ಮುಖವಾಗಿ ಇಟ್ಟು ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಕಡೆ ಬಿಚ್ಚುತ್ತೆ.

ಕೆಸರಾದ ಸೈಕಲ್ಲನ್ನ ವಾಟರ್ ಸರ್ವಿಸ್‌ಗೆ ಕೊಡಬೇಡ. ಆ ಒತ್ತಡದ ನೀರು ಹಬ್, ಬಾಟಮ್ ಬ್ರ್ಯಾಕೆಟ್, ಹೆಡ್‌ಸೆಟ್ ಒಳಗೆ ನುಗ್ಗಿ ಗ್ರೀಸು ತೆಗೆದು ತುಕ್ಕು ಇಡುತ್ತೆ. ಬಕೆಟ್ ನೀರು, ಸೋಪು, ಹಳೇ ಬ್ರಷ್ ಸಾಕು.

ಇಷ್ಟಾದ ಮೇಲೆ ನಿನ್ನ ಫೋರ್ಕು. ಒಳ್ಳೇ ಏರ್ ಫೋರ್ಕಿನ ಬೆಲೆ ನಿನ್ನ ಇಡೀ ಸೈಕಲ್ಲಿನ ಬೆಲೆಯ ಹತ್ತಿರಕ್ಕೆ ಬರುತ್ತೆ. ಸ್ಟಿಯರರ್ ಟ್ಯೂಬಿನ ಅಳತೆ ಹೊಂದಬೇಕು, ಟ್ರಾವೆಲ್, ಅಂದರೆ ಫೋರ್ಕು ಕುಗ್ಗೋ ಉದ್ದ, ಜಾಸ್ತಿಯಾದರೆ ಮುಂಭಾಗ ಎದ್ದು ಸೈಕಲ್ಲಿನ ನಡತೆಯೇ ಬದಲಾಗುತ್ತೆ. ಹಾಕಿಸಿದ ಮೇಲೂ ಸುಮ್ಮನಿರೋ ಹಾಗಿಲ್ಲ, ರಾಕ್‌ಶಾಕ್ಸ್ ಕಂಪನಿ ತನ್ನ ಫೋರ್ಕಿನ ಕೆಳಗಿನ ಕಾಲುಗಳನ್ನ 50 ಗಂಟೆ ಓಡಿಸಿದ ಮೇಲೆ ಸರ್ವಿಸ್ ಮಾಡಿಸು ಅನ್ನುತ್ತೆ. ಚೈನಿಗೇ ಬಟ್ಟೆ ಮುಟ್ಟಿಸದವನು ಅದನ್ನ ಮಾಡಿಸ್ತಾನಾ? ಹನ್ನೆರಡು ಸ್ಪೀಡೂ ಅಷ್ಟೇ. ನಿನ್ನ ಏಳು ಸ್ಪೀಡಿನ ಹಬ್ಬಿಗೆ ಕೂರೋದು ಥ್ರೆಡ್ ಹಾಕೋ ಫ್ರೀವೀಲು, ಕ್ಯಾಸೆಟ್ ಕೂರಬೇಕಾದರೆ ಹಬ್, ಅಂದರೆ ಚಕ್ರವೇ ಬದಲಾಗಬೇಕು. ಅದರ ಹಿಂದೆ ಶಿಫ್ಟರು, ಡಿರೇಲರು, ಚೈನು. ದುಡ್ಡು ಕೈ ಕಡೀತಿದ್ದರೆ ಮೊದಲು ಒಳ್ಳೇ ಟೈರು, ಒಳ್ಳೇ ಪ್ಯಾಡು, ಜಾರದ ಪೆಡಲು ತಗೋ. ಆಮೇಲೂ ಆಸೆ ಉಳಿದರೆ ಈ ಸೈಕಲ್ ಮಾರಿ ಮೇಲಿನದು ತಗೊಳ್ಳೋದು ಅಗ್ಗ.

ನಮ್ಮಂಥವರ ಹತ್ರ ಬಂದಾಗ ‘ಬೇರಿಂಗ್ ಹೋಗಿದೆ, ಬದಲಿಸಿ’ ಅಂತ ತೀರ್ಪು ಕೊಡಬೇಡ. ಯಾವ ಗೇರಿನಲ್ಲಿ, ತುಳಿಯುವಾಗಲೋ ಇಳಿಯುವಾಗಲೋ, ಎಂಥ ಶಬ್ದ ಅಂತ ಹೇಳು. ಪತ್ತೆ ಹಚ್ಚೋದು ನಮಗೆ ಬಿಡು. ಬದಲಿಸಿದ ಹಳೇ ಭಾಗ ವಾಪಸ್ ಕೇಳು, ಯಾವ ಭಾಗ ಹಾಕಿದರು ಅಂತ ಬಿಲ್ಲಿನಲ್ಲಿ ಬರೆಸ್ಕೋ. ಒಳ್ಳೇ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೊಂಡರೆ ಅಂಗಡಿ ಬದಲಿಸು.

4, 5, 6 ಮಿಲಿಮೀಟರ್ ಆಲನ್ ಕೀ, ಒಂದು ಟಿ25 ಕೀ, ಪಂಪು, ಒಂದು ಟ್ಯೂಬು, ನಿನ್ನ ಚೈನಿನ ಸ್ಪೀಡಿಗೆ ಹೊಂದೋ ಕ್ವಿಕ್ ಲಿಂಕು, ಹ್ಯಾಂಗರು. ಕಾಡಿಗೆ ಹೋಗುವಾಗ ಬ್ಯಾಗಿನಲ್ಲಿ ಇಷ್ಟಿದ್ದರೆ ಬಹುತೇಕ ತೊಂದರೆಗೆ ದಾರಿಯಲ್ಲೇ ಪರಿಹಾರ ಇದೆ. ಮಿಕ್ಕಿದ್ದಕ್ಕೆ ನಾವಿದ್ದೀವಿ. ಈ ಭಾನುವಾರ ಹೊರಡೋ ಮುಂಚೆ ಐದು ನಿಮಿಷ ಬಿಡುವು ಮಾಡ್ಕೊಂಡು ಚೈನಿನ ಪಕ್ಕ ಸ್ಕೇಲು ಹಿಡಿ, ಪ್ಯಾಡಿನ ದಪ್ಪ ನೋಡು, ಎರಡೂ ಕ್ರ್ಯಾಂಕು ಹಿಡಿದು ಅಲ್ಲಾಡಿಸು. ಫೋರ್ಕಿನ ಮಾತು ಅದಾದ ಮೇಲೆ ಆಡೋಣ.