ಯಂತ್ರದ ಮೇಲಣ ಮುದ್ರೆ ಏನನ್ನು ಹೇಳುತ್ತದೆ?

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಪಾಣೆಮಂಗಳೂರನ್ನು ದಾಟಿದೊಡನೆ ಮೆಲ್ಕಾರ್ ಎಂಬ ಊರು ಸಿಕ್ಕುತ್ತದೆ. ಅಡಿಕೆ ತೋಟಗಳ ಸೀಮೆಯದು. ಅಲ್ಲಿಯ ಕೃಷಿಕನೊಬ್ಬನು ಅಡಿಕೆ ಸುಲಿಯುವ ಯಂತ್ರವೊಂದನ್ನು ಮಾಡಿಸಿಕೊಂಡನೆಂದು ಭಾವಿಸೋಣ. ಚೌಕಟ್ಟನ್ನು ಊರಿನ ವರ್ಕ್‌ಶಾಪಿನಲ್ಲಿ ಬೆಸೆದರು. ಬೆಲ್ಟು, ರಾಟೆಗಳನ್ನು ಪೇಟೆಯಿಂದ ತಂದರು. ಮೋಟಾರು ಹೊರದೇಶದ್ದು, ಅದರ ಫಲಕದ ಮೇಲೆ ಸಿ.ಇ. ಎಂಬ ಎರಡಕ್ಷರಗಳ ಮುದ್ರೆಯಿದೆ. ಈ ಯಂತ್ರವು ಸುರಕ್ಷಿತವೆಂದು ಆ ಮುದ್ರೆಯು ಹೇಳುತ್ತದೆಯೆ?

ಉತ್ತರಕ್ಕೆ ಮೊದಲು ಮುದ್ರೆಯ ಅರ್ಥವನ್ನು ವಿಚಾರಿಸೋಣ. ಯುರೋಪಿನ ನಿಯಮಗಳಿಗೆ ಅನುಗುಣವಾಗಿದೆ ಎಂಬ ಫ್ರೆಂಚ್ ಮಾತಿನ ಮೊದಲಕ್ಷರಗಳೇ ಸಿ.ಇ. ವಸ್ತುವು ಯುರೋಪಿನಲ್ಲಿ ತಯಾರಾಯಿತೆಂದಾಗಲಿ, ಉತ್ತಮ ದರ್ಜೆಯದೆಂದಾಗಲಿ ಅದರ ಅರ್ಥವಲ್ಲ. ಹೆಚ್ಚಿನ ಯಂತ್ರಗಳ ವಿಷಯದಲ್ಲಿ ತಯಾರಕನೇ ಅಪಾಯಗಳನ್ನು ಪರಿಶೀಲಿಸಿ, ದಾಖಲೆಗಳನ್ನು ಸಿದ್ಧಪಡಿಸಿ, ತನ್ನ ಹೊಣೆಯಲ್ಲಿ ಮುದ್ರೆಯನ್ನು ಹಾಕುತ್ತಾನೆ. ಮರ ಕೊಯ್ಯುವ ಕೆಲವು ಗರಗಸಗಳಂಥ ಹೆಚ್ಚು ಅಪಾಯದ ಯಂತ್ರಗಳಿಗೆ ಮಾತ್ರ ನಿಯಮವು ಬಿಗಿಯಾಗಿದ್ದು, ಹೊರಗಿನ ಸಂಸ್ಥೆಯ ಪರೀಕ್ಷೆ ಬೇಕಾಗಬಹುದು.

ನಮ್ಮ ಐ.ಎಸ್.ಐ. ಮುದ್ರೆಯ ಕ್ರಮವೇ ಬೇರೆ. 1947ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಸ್ಥಾಪಿತವಾಯಿತು. ಮುದ್ರೆಗೆ 1952ರ ಕಾಯಿದೆಯು ಆಧಾರವನ್ನು ಕೊಟ್ಟಿತು. 1987ರಲ್ಲಿ ಭಾರತೀಯ ಮಾನಕ ಬ್ಯೂರೊ ಆ ಸ್ಥಾನಕ್ಕೆ ಬಂದಿತು. ಬ್ಯೂರೊದ ಪರವಾನಗಿಯಿಲ್ಲದೆ ತಯಾರಕನು ಈ ಮುದ್ರೆಯನ್ನು ಹಾಕುವಂತಿಲ್ಲ. ಒಂದು ತಯಾರಕನ ಘೋಷಣೆ, ಇನ್ನೊಂದು ಪರವಾನಗಿ ಪಡೆದ ಗುರುತು. ನೋಡುವವನಿಗೆ ಎರಡೂ ಒಂದೇ ಬಗೆಯ ಮುದ್ರೆಗಳಾಗಿ ತೋರುವುದರಿಂದ ಗೊಂದಲವು ಹುಟ್ಟುತ್ತದೆ.

ಈಗ ನಮ್ಮ ಯಂತ್ರಕ್ಕೆ ಮರಳೋಣ. ಮೋಟಾರಿನ ಮುದ್ರೆಯು ಮೋಟಾರಿಗೆ ಮಾತ್ರ ಸಂಬಂಧಿಸಿದ್ದು. ಮೋಟಾರು ಒಂಟಿಯಾಗಿದ್ದಾಗ ಬೆಲ್ಟು ಇರಲಿಲ್ಲ. ಬೆಲ್ಟು ರಾಟೆಯನ್ನು ಸೇರುವ ಸಂದಿನಲ್ಲಿ ಬೆರಳಾಗಲಿ ಪಂಚೆಯ ಚುಂಗಾಗಲಿ ಸಿಕ್ಕಿದರೆ ಯಂತ್ರವು ಅದನ್ನು ಒಳಕ್ಕೆ ಸೆಳೆಯುತ್ತದೆ. ಈ ಅಪಾಯವು ಹುಟ್ಟಿದ್ದು ಭಾಗಗಳನ್ನು ಜೋಡಿಸಿದಾಗ. ಆದುದರಿಂದಲೇ ಯುರೋಪಿನ ನಿಯಮಗಳಲ್ಲಿ, ಮುದ್ರೆಯಿರುವ ಭಾಗಗಳನ್ನು ಕೂಡಿಸಿ ಹೊಸ ಯಂತ್ರವನ್ನು ಮಾಡಿದವನೇ ಇಡಿಯ ಯಂತ್ರಕ್ಕೆ ಹೊಣೆಗಾರನು. ಬೇರೊಂದರಲ್ಲಿ ಸೇರಿಸಲೆಂದೇ ಮಾಡಿದ ಅರೆಯಂತ್ರಕ್ಕೆ ಯಂತ್ರಗಳ ನಿಯಮದಡಿ ಸಿ.ಇ. ಮುದ್ರೆಯಿಲ್ಲ, ಅದರೊಡನೆ ಜೋಡಣೆಯ ಸೂಚನೆಗಳೂ ಪ್ರತ್ಯೇಕ ಘೋಷಣೆಯೂ ಬರುತ್ತವೆ. ಹೀಗೆ ಒಂದೇ ಯಂತ್ರದಲ್ಲಿ ಒಂದು ಭಾಗಕ್ಕೆ ಮುದ್ರೆಯಿದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು.

ನಿಯಮಗಳೂ ಬದಲಾಗುತ್ತವೆ. ಯುರೋಪಿನಲ್ಲಿ 2006ರ ನಿರ್ದೇಶದ ಸ್ಥಾನಕ್ಕೆ 2023ರ ನಿಯಮವು 2027ರ ಜನವರಿ 20ರಿಂದ ಬರಬೇಕೆಂದು ಗೊತ್ತುಮಾಡಲಾಗಿದೆ. ಭಾರತ ಸರಕಾರವು 2024ರ ಆಗಸ್ಟಿನಲ್ಲಿ ಪಂಪು, ಕ್ರೇನು ಮೊದಲಾದ ಕೆಲವು ಯಂತ್ರಗಳಿಗೆ ಸುರಕ್ಷತೆಯ ಆಜ್ಞೆಯನ್ನು ಹೊರಡಿಸಿ, 2025ರಲ್ಲಿ ಅದರ ಜಾರಿಯನ್ನು 2026ರ ಸೆಪ್ಟೆಂಬರಿಗೆ ಮುಂದೂಡಿತು.

ಆದರೂ ಇವೆಲ್ಲವುಗಳ ಹಿಂದಿರುವ ತತ್ತ್ವವು ಸರಳವಾದುದು. ಐ.ಎಸ್.ಒ. 12100 ಎಂಬ ಅಂತಾರಾಷ್ಟ್ರೀಯ ಮಾನಕವು ಮೂರು ಮೆಟ್ಟಲುಗಳನ್ನು ಹೇಳುತ್ತದೆ. ಮೊದಲು ಅಪಾಯವೇ ಇರದಂತೆ ಯಂತ್ರವನ್ನು ರಚಿಸಬೇಕು. ಅದು ಸಾಧ್ಯವಾಗದೆಡೆ ಮರೆಯನ್ನು ಕಟ್ಟಬೇಕು. ಇಷ್ಟಾದ ಮೇಲೂ ಉಳಿದ ಅಪಾಯವನ್ನು ಬಳಸುವವರಿಗೆ ತಿಳಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ, ಎಚ್ಚರಿಕೆಯ ಹಲಗೆಯೊಂದನ್ನೇ ತೂಗಹಾಕಿದರೆ ಸಾಲದು.

ನಮ್ಮ ಕೃಷಿಕನ ಯಂತ್ರಕ್ಕೆ ಮೊದಲು ಬೇಕಾದುದು ಬೆಲ್ಟು ಮತ್ತು ರಾಟೆಗಳನ್ನು ಮುಚ್ಚುವ ಗಟ್ಟಿಯಾದ ತಂತಿಬಲೆ, ಕೈಗೆಟಕುವಲ್ಲಿ ನಿಲ್ಲಿಸುವ ಗುಂಡಿ. ವಾಚಕರು ತಮ್ಮ ಮನೆಯ ಅಥವಾ ನೆರೆಯ ಒಂದು ಯಂತ್ರವನ್ನು, ವಿದ್ಯುತ್ತನ್ನು ನಿಲ್ಲಿಸಿದ ಬಳಿಕ, ಪರಿಶೀಲಿಸಲಿ. ಮುದ್ರೆ ಯಾವ ಭಾಗದ ಮೇಲಿದೆ? ಅದನ್ನು ಹಾಕಿದವರು ಯಾರು? ತಿರುಗುವ ಭಾಗಗಳಿಗೆ ಮರೆಯಿದೆಯೆ? ಮೂರನೆಯ ಪ್ರಶ್ನೆಗೆ ಉತ್ತರವು ಇಲ್ಲವೆಂದಾದರೆ, ಮುದ್ರೆಯು ಎಷ್ಟೇ ಸ್ಪಷ್ಟವಾಗಿದ್ದರೂ ಅಂಥ ಯಂತ್ರವನ್ನು ಓಡಿಸಬಾರದು.