ಗೋಡೆ ಕೆಡವುವ ಮೊದಲು ರಂಗೋಲಿ

ಸುಗ್ಗಿ ಮುಗಿಯಿತು. ಸೋಯಾ, ತೊಗರಿ ಮಾರಿ ನಾಲ್ಕು ದುಡ್ಡು ಕೈಗೆ ಬಂದವು. ಮನೆ ರಿಪೇರಿ ಮಾತು ಶುರುವಾಯಿತು. ಗೌಂಡಿ ಬಂದ. ಗಂಡಸರು ಪಡಸಾಲೆಯಲ್ಲಿ ಕುಂತು ಮಾತಾಡಿದರು. ನಾವು ಒಳಗೆ ಚಹಾ ಕಾಸಿದೆವು. ಚಹಾ ಕುಡಿದು ಮುಗಿಯುವುದರೊಳಗೆ ಎಲ್ಲಾ ತೀರ್ಮಾನ ಆಗಿತ್ತು. ಮುಂದೆ ಹೊಸ ಗೇಟು. ಪಡಸಾಲೆಗೆ ಟೈಲ್ಸ್. ಗೋಡೆಗೆ ಬಣ್ಣ.

ಅಡಿಗೆಮನೆ? ಅದು ಇದ್ದಂಗೇ ಉಳಿಯಿತು.

ಬೀದರ, ಭಾಲ್ಕಿ, ಔರಾದ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಅಕ್ಕಂದಿರೇ, ಒಂದು ಮಾತು ಕೇಳೋಣ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಯಾರು? ನಾವು. ಒಲೆಯ ಹೊಗೆ ಕುಡಿಯುವವರು ಯಾರು? ನಾವು. ಕತ್ತಲಾಗಲಿ ಅಂತ ಕಾದು ಹೊಲದ ಕಡೆ ಹೋಗುವವರು ಯಾರು? ಅದೂ ನಾವೇ. ಹಾಗಾದರೆ ಗೋಡೆ ಎಲ್ಲಿ, ಬಾಗಿಲು ಎಲ್ಲಿ ಅನ್ನುವ ಮಾತಿನಲ್ಲಿ ನಾವೂ ಇರಬೇಕು.

ಮಾತಾಡಬೇಕು ಅಂದರೆ ಕೈಯಲ್ಲಿ ನಕ್ಷೆ ಇರಬೇಕು. ನಕ್ಷೆ ಅಂದರೆ ಏನು? ಮಾಳಿಗೆ ತೆಗೆದಿಟ್ಟು ಹದ್ದು ಮೇಲಿಂದ ನೋಡಿದರೆ ಮನೆ ಹೇಗೆ ಕಾಣುತ್ತದೋ, ಅದೇ ನಕ್ಷೆ. ಅದು ಇಂಜಿನಿಯರಿಗೆ ಮಾತ್ರ ಬರುವ ವಿದ್ಯೆ ಅಲ್ಲ. ನಮಗೆ ಚುಕ್ಕಿ ಇಟ್ಟು ರಂಗೋಲಿ ಹಾಕಲು ಬರುತ್ತದೆ. ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ಒಂದು ಫೂಟು ಅಂದುಕೊಳ್ಳೋಣ. ಗೆರೆ ಎಳೆದರೆ ಗೋಡೆ. ಗೆರೆ ಬಿಟ್ಟರೆ ಬಾಗಿಲು.

ಒಂದು ಮನೆ ನೋಡೋಣ. ಇಂಥ ಮನೆ ನಮ್ಮ ಕಡೆ ಬಹಳ. ಅಗಲ 20 ಫೂಟು, ಉದ್ದ 30 ಫೂಟು. ಮೇಲೆ ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, 12 ಫೂಟು. ಆಮೇಲೆ ನಡುಮನೆ, 10 ಫೂಟು. ಹಿಂದೆ ಉಳಿದದ್ದು 8 ಫೂಟು. ಈ ಹಿಂದಿನ ಸಾಲಿನಲ್ಲಿ ಮೂರು ಭಾಗ. ಎಡಕ್ಕೆ ದನದ ಕೊಟ್ಟಿಗೆ, 8 ಫೂಟು. ನಡುವೆ ಅಡಿಗೆಮನೆ, 8 ಫೂಟು. ಬಲಕ್ಕೆ ಬಚ್ಚಲು, 4 ಫೂಟು. ದನ ಮಾರಿ ಎಷ್ಟೋ ವರ್ಷ ಆಯಿತು. ಕೊಟ್ಟಿಗೆಯಲ್ಲಿ ಈಗ ಕಟ್ಟಿಗೆ, ಕುಳ್ಳು, ಮುರಿದ ಕುರ್ಚಿ. ಬಚ್ಚಲಿಗೆ ಹೊರಗಿನಿಂದ ಹೋಗಬೇಕು. ಪಾಯಖಾನೆ ಇಲ್ಲ.

ಲೆಕ್ಕ ಹಾಕೋಣ. ಪಡಸಾಲೆ 20 ಗುಣಿಸು 12, ಅಂದರೆ 240 ಚದರ ಫೂಟು. ಅಡಿಗೆಮನೆ 8 ಗುಣಿಸು 8, ಅಂದರೆ 64. ಬೀಗರು ವರ್ಷಕ್ಕೆ ನಾಲ್ಕು ಸಲ ಬಂದು ಕೂಡುವ ಜಾಗ 240. ನಾವು ದಿನಾ ಎರಡು ಹೊತ್ತು ರೊಟ್ಟಿ ಬಡಿಯುವ ಜಾಗ 64. ಅಂಕಿ ಕಲಿತಿದ್ದಕ್ಕೆ ಇದು ಕಣ್ಣಿಗೆ ಬಿತ್ತು.

ಹಾಗಂತ ಸಿಕ್ಕ ಗೋಡೆ ಕೆಡವಬಾರದು. ಈ ಮಾತನ್ನು ಸಾವಕಾಶ ಓದಿರಿ. ಮನೆಯಲ್ಲಿ ಎರಡು ತರಹದ ಗೋಡೆ ಇರುತ್ತವೆ. ಒಂದು, ಮಾಳಿಗೆಯ ಭಾರ ಹೊರುವ ಗೋಡೆ. ಇನ್ನೊಂದು, ಬರೀ ಮರೆಗೆ ಕಟ್ಟಿದ ಗೋಡೆ. ಮೇಲೆ ನೋಡಬೇಕು. ತೊಲೆ, ಜಂತಿಗಳ ತುದಿ ಯಾವ ಗೋಡೆಯ ಮೇಲೆ ಕುಂತಿವೆಯೋ ಅದು ಭಾರ ಹೊರುವ ಗೋಡೆ. ಕಂಬವೂ ಹಾಗೆಯೇ. ಅದನ್ನು ಮುಟ್ಟಿದರೆ ಮಾಳಿಗೆ ತಲೆಯ ಮೇಲೆ. ಗೌಂಡಿ “ಏನೂ ಆಗಲ್ಲವ್ವಾ” ಅಂದರೂ ಒಪ್ಪಬೇಡಿರಿ. ಗೊತ್ತಿದ್ದ ಇಂಜಿನಿಯರನ್ನು ಕರೆಸಿ ತೋರಿಸಿರಿ.

1993ರ ಸೆಪ್ಟೆಂಬರ್ 30ನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಬೀದರ, ಭಾಲ್ಕಿಯಲ್ಲೂ ನೆಲ ನಡುಗಿತು. ಕಿಲ್ಲಾರಿಯ ಸುತ್ತ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಲ್ಲಿನ ಮನೆಗಳು ನಮ್ಮ ಮನೆಗಳ ಹಾಗೆಯೇ ಇದ್ದವು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ. ಬಿಸಿಲಿಗೆ ತಂಪಿರಲಿ ಅಂತ ಮೇಲೆ ಮಣಗಟ್ಟಲೆ ಮಣ್ಣು. ಗೋಡೆಯ ಒಳಮೈ, ಹೊರಮೈ ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳು ಇರಲಿಲ್ಲ. ಗೋಡೆ ಎರಡು ಸೀಳಾಗಿ ಬಿತ್ತು. ಹೇಗೂ ರಿಪೇರಿ ಮಾಡಿಸುತ್ತೇವೆ. ಟೈಲ್ಸಿಗಿಂತ ಮೊದಲು ಮಾಳಿಗೆಯ ಮೇಲಿನ ಹೆಚ್ಚಿನ ಮಣ್ಣು ಇಳಿಸಬೇಕು. ಉಬ್ಬಿದ ಗೋಡೆಗೆ ಉದ್ದ ಕಲ್ಲು ಹಾಕಿಸಬೇಕು. ನಮ್ಮ ಮಟ್ಟಿಗೆ ಇದೇ ಮೊದಲ ಖರ್ಚು.

ನೆಲವನ್ನೂ ನೋಡಬೇಕು. ಬೀದರ ಊರು ಕೆಂಪು ಕಲ್ಲಿನ ಮೇಲೆ ಕುಂತಿದೆ. ಭಾಲ್ಕಿ, ಔರಾದ ಕಡೆ ಎರಿ ನೆಲ ಹೆಚ್ಚು. ಎರಿ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಅದಕ್ಕೇ ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು.

ಈಗ ನಮ್ಮ ರಂಗೋಲಿಗೆ ಬರೋಣ. ನಡುಮನೆಗೂ ಹಿಂದಿನ ಸಾಲಿಗೂ ನಡುವೆ ಇರುವುದು ಭಾರ ಹೊರುವ ದಪ್ಪ ಗೋಡೆ. ಅದರಲ್ಲಿ ಒಂದೇ ಬಾಗಿಲು. ಅದು ಹಳೆ ಅಡಿಗೆಮನೆಯ ಬಾಗಿಲು, ಎಡ ಮೂಲೆಯಿಂದ 8 ಫೂಟು ದಾಟಿದ ಕೂಡಲೆ. ಹಿಂದಿನ ಸಾಲಿನ ಜಂತಿಗಳು ಈ ದಪ್ಪ ಗೋಡೆಯಿಂದ ಹಿತ್ತಲ ಗೋಡೆಗೆ ಹೋಗಿವೆ. ಹಾಗಾಗಿ ಕೊಟ್ಟಿಗೆ, ಅಡಿಗೆಮನೆ, ಬಚ್ಚಲುಗಳ ನಡುವಿನ ಸಣ್ಣ ಗೋಡೆಗಳು ಬರೀ ಮರೆ. ಅವನ್ನು ಸರಿಸಬಹುದು.

ಎಡ ಮೂಲೆಯ ಕೊಟ್ಟಿಗೆ ಅಡಿಗೆಮನೆ ಆಗಲಿ. ಮೂಲೆ ಆದ್ದರಿಂದ ಎರಡು ಕಡೆ ಹೊರಗಿನ ಗೋಡೆ ಸಿಗುತ್ತದೆ. ಎರಡು ಕಿಡಕಿ ಇಡಬಹುದು. ಗಾಳಿ ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಗಂಜಲ ಕುಡಿದ ಹಳೆ ಮಣ್ಣನ್ನು ಅಗೆದು ತೆಗೆದು, ಮುರುಮು ಹಾಕಿ, ಮೇಲೆ ಫರಸಿ ಹಾಸಬೇಕು.

ಹಳೆ ಬಾಗಿಲಿನ ನೇರಕ್ಕೆ 4 ಫೂಟಿನ ಓಣಿ ಬಿಡೋಣ. ಓಣಿಯ ಕೊನೆಗೆ ಹಿತ್ತಲ ಬಾಗಿಲು. ಗೋಡೆಗೆ ಭಾಂಡೆ ಇಡುವ ಹಲಗೆ.

ಬಲಕ್ಕೆ 8 ಫೂಟು ಉಳಿಯಿತು. ಅದನ್ನು ಅಡ್ಡ ಎರಡು ಪಾಲು ಮಾಡೋಣ. ಮುಂದಿನ ಪಾಲು ಬಚ್ಚಲು. ಹಿಂದಿನ ಪಾಲು ಪಾಯಖಾನೆ. ಎರಡಕ್ಕೂ ಬಾಗಿಲು ಓಣಿಗೆ. ಅಡಿಗೆಮನೆಯ ಬಾಗಿಲನ್ನು ಓಣಿಯ ಮುಂದಿನ ತುದಿಗೆ ಇಟ್ಟರೆ ಪಾಯಖಾನೆಗೆ ಎದುರಾಗುವುದಿಲ್ಲ.

ಕೂಡಿಸಿ ನೋಡ್ರಿ. 8, 4, 8. ಒಟ್ಟು 20. ಮನೆ ಒಂದು ಫೂಟೂ ಬೆಳೆಯಲಿಲ್ಲ. ದಪ್ಪ ಗೋಡೆಗೆ ಒಂದು ಹೊಸ ತೂತೂ ಬೀಳಲಿಲ್ಲ. ಮಗಳು ಸೀರೆ ಕಟ್ಟಿದ ಮರೆಯಲ್ಲಿ ಸ್ನಾನ ಮಾಡುವುದು ತಪ್ಪಿತು. ಮೊಣಕಾಲು ನೋವಿನ ಅತ್ತೆ ರಾತ್ರಿ ಅಂಗಳಕ್ಕೆ ಇಳಿಯುವುದು ತಪ್ಪಿತು.

ಪಾಯಖಾನೆಯ ಗುಂಡಿ ಹಿತ್ತಲಲ್ಲಿ ಇರಲಿ. ಗೋಡೆಗೆ ಹತ್ತಿ ಬೇಡ. ಎರಡು ಗುಂಡಿ ತೋಡಿಸಬೇಕು. ಒಂದು ತುಂಬಿದರೆ ಮುಚ್ಚಿ, ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ್ದನ್ನು ಎರಡು ವರ್ಷ ಬಿಟ್ಟರೆ ಗೊಬ್ಬರ ಆಗುತ್ತದೆ. ಬಾವಿ, ಬೋರಿನಿಂದ 10 ಮೀಟರ್ ದೂರ, ಅಂದರೆ 33 ಫೂಟಾದರೂ ಬೇಕು. ಬೀದರದ ಕೆಂಪು ಕಲ್ಲಿನಲ್ಲಿ ತೂತು ಬಹಳ, ನೀರು ಬೇಗ ಹರಿಯುತ್ತದೆ. ಅಲ್ಲಿ ಇನ್ನೂ ದೂರ ಇದ್ದರೆ ಒಳ್ಳೆಯದು.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಬಂತು. ಆದರೂ ಜೋಳದ ರೊಟ್ಟಿಗೆ ಕಟ್ಟಿಗೆ ಒಲೆ ಹಚ್ಚುವವರು ಇದ್ದಾರೆ. ಅಂಥವರು ಕೊಳವೆ ಇರುವ ಒಲೆ ಹಾಕಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಯಾರಾದ ಅಸ್ತ್ರ ಒಲೆ ಅಂಥದು. ಕೊಳವೆ ಜಂತಿಗೆ ತಾಗಬಾರದು. ಗ್ಯಾಸ್ ಇದ್ದರೆ ನೆಲದ ಹತ್ತಿರವೂ ಒಂದು ಕಿಂಡಿ ಬೇಕು. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ನಿಲ್ಲುತ್ತದೆ.

“ಅಡಿಗೆಮನೆ ಆ ಮೂಲೆಗೆ ಬರೂದಿಲ್ಲ, ವಾಸ್ತು ಕೂಡಲ್ಲ” ಅಂತ ಯಾರಾದರೂ ಅನ್ನಬಹುದು. ನಂಬುವವರ ಜೊತೆ ಜಗಳ ಬೇಡ. ಕೂಡುವ ಮೂಲೆಯಲ್ಲೂ ಎರಡು ಕಿಡಕಿ ಕೇಳೋಣ. “ಹಿರಿಯರು ಕಟ್ಟಿದ್ದು, ಬದಲು ಮಾಡಬಾರದು” ಅಂತಲೂ ಅನ್ನುತ್ತಾರೆ. ಬೀದರ ಕೋಟೆಯ ರಂಗೀನ ಮಹಲು ನೋಡಿದ್ದೀರಲ್ಲ? ಅದನ್ನು ಅಲಿ ಬರೀದ್ ಶಾ ಮತ್ತೆ ಕಟ್ಟಿಸಿ ಚೆಂದ ಮಾಡಿದ. ಅವನು ಆಳಿದ್ದು 1542ರಿಂದ 1580ರವರೆಗೆ. ಬಾದಶಹರೇ ಮನೆ ತಿದ್ದಿಸಿದ್ದಾರೆ!

ಕಾಗದದ ಮೇಲೆ ಚೆಂದ ಕಂಡದ್ದು ನೆಲದ ಮೇಲೆ ಇಕ್ಕಟ್ಟಾಗಬಹುದು. ಅದಕ್ಕೆ ಅಂಗಳದಲ್ಲಿ ಪೂರ್ತಿ ಅಳತೆಗೆ ಸುಣ್ಣದ ಗೆರೆ ಎಳೆಯೋಣ. ಅದರೊಳಗೆ ನಡೆಯೋಣ. ನೀರಿನ ಕೊಡ ಹೊತ್ತು ಓಣಿ ದಾಟಿ ನೋಡೋಣ. ಕುಂತು ರೊಟ್ಟಿ ಬಡಿಯುವ ಹಾಗೆ ಕೈ ಆಡಿಸೋಣ. ಸೊಸೆಯನ್ನೂ ಕರೆಯೋಣ, ಅತ್ತೆಯನ್ನೂ ಕರೆಯೋಣ. ಮನೆಯ ಗಂಡಸರೂ ಬಂದು ನಿಲ್ಲಲಿ. ಗೆರೆ ಅಳಿಸಲು ಕಸಬರಿಗೆ ಸಾಕು. ಕಟ್ಟಿದ ಗೋಡೆ ಅಳಿಸಲು ಸಾಲ ಬೇಕು.

ಊರಿನ ಹಳೆ ಓಣಿಗಳಲ್ಲಿ ಪಕ್ಕದ ಮನೆಗೂ ನಮಗೂ ಒಂದೇ ಗೋಡೆ ಇರುತ್ತದೆ. ಅದಕ್ಕೆ ಕಿಡಕಿ ಇಡುವಂತಿಲ್ಲ. ಅಲ್ಲಿ ಬೆಳಕನ್ನು ಮಾಳಿಗೆಯಿಂದ ಇಳಿಸಬೇಕು, ಬೆಳಕಿಂಡಿ ಇಟ್ಟು. ಪರವಾನಗಿ ಬೇಕೋ ಬೇಡವೋ ಅಂತ ಊರಿನ ಕಚೇರಿಯಲ್ಲಿ ಇಲ್ಲವೇ ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ಕೇಳಿರಿ.

ಕೊನೆಗೆ ಗೌಂಡಿಯ ಕೂಡ ಮಾತು. ಕೆಲಸ, ಅಳತೆ, ಕೂಲಿ, ಕೊಟ್ಟ ಮುಂಗಡ ಎಲ್ಲವೂ ಒಂದು ಹಾಳೆಯ ಮೇಲೆ ಬರೆದಿರಲಿ. ನಾವೇ ಓದಿ, ಆಮೇಲೆ ಸಹಿ ಮಾಡೋಣ.

ಅಳೆಯಿರಿ, ಬರೆಯಿರಿ

ನಿಮ್ಮ ಅಡಿಗೆಮನೆ ಎಷ್ಟು ಫೂಟು ಉದ್ದ, ಎಷ್ಟು ಫೂಟು ಅಗಲ? ಗುಣಿಸಿರಿ.
ಅದಕ್ಕೆ ಎಷ್ಟು ಕಿಡಕಿ?
ಜಂತಿಗಳ ತುದಿ ಯಾವ ಗೋಡೆಯ ಮೇಲೆ ಕುಂತಿವೆ? ನಕ್ಷೆಯಲ್ಲಿ ಆ ಗೋಡೆಗೆ ದಪ್ಪ ಗೆರೆ ಎಳೆಯಿರಿ.